ಚಾಚಾನ ಹಲ್ಲು, ನನ್ನ ದುರ್ಬೀನು

ವಾಡಿ ಜಂಕ್ಷನ್ನಿನ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತಿದ್ದ ಹೆಂಗಸು ಊಟದ ಡಬ್ಬಿಯ ಮುಚ್ಚಳ ತೆಗೆದಳು. ನಾನು ದಡಕ್ಕನೆ ಎದ್ದು ನಿಂತೆ. ಡಬ್ಬಿಯಲ್ಲಿ ಏನಿತ್ತೋ ನೋಡಲಿಲ್ಲ, ಮೆಣಸಿನಕಾಯಿ ಬಜ್ಜಿ ಇರಬೇಕು. ಮೂಗಿಗೆ ಹೊಡೆದದ್ದು ಕಮಟು ಹಿಡಿದ ಕುಸುಬೆ ಎಣ್ಣೆಯ ವಾಸನೆ. ಆಕೆ ಪಾಪ, ಯಾಕ್ರಿ ಎದ್ರಿ, ಕುಂದ್ರಿ, ನೀವೂ ಒಂದೀಟು ತಿನ್ರಿ ಎಂದು ಕರೆದಳು. ನಾನು ಓಢಣಿಯನ್ನು ಮೂಗಿಗೆ ಒತ್ತಿಕೊಂಡು ಪ್ಲಾಟ್‌ಫಾರ್ಮಿನ ತುದಿಯ ನಲ್ಲಿಯ ತನಕ ಹೋಗಿ ಬಗ್ಗಿ ನಿಂತೆ. ನಲ್ಲಿ ತಿರುಗಿಸಿ ಮುಖಕ್ಕೆ ನೀರು ಎರಚಿಕೊಂಡೆ. ಶಹಾಬಾದಿನಲ್ಲಿ ಕಳೆದ ಆ ಒಂದು ಬೇಸಿಗೆ ವಾಸನೆಯ ಜೊತೆಗೇ ಬಂದು ಎದುರಿಗೆ ನಿಂತಿತು.

ಸೇಡಂ ಕಡೆಯ ಗಾಡಿ ಎರಡು ತಾಸು ತಡ ಎಂದು ಮೈಕಿನಲ್ಲಿ ಕೂಗುತ್ತಿದ್ದರು. ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ತಿಂಗಳಿಗೊಮ್ಮೆ ಅವ್ವನನ್ನು ನೋಡಲು ಸೇಡಂಗೆ ಹೋಗುತ್ತೇನೆ. ದಾರಿಯಲ್ಲಿ ಶಹಾಬಾದ್ ಬಂದಾಗ ರೈಲಿನಲ್ಲಿ ಮುಖ ಇನ್ನೊಂದು ಕಡೆ ತಿರುಗಿಸಿ ಕೂಡುವುದು ನನಗೆ ರೂಢಿಯಾಗಿಬಿಟ್ಟಿದೆ. ನಿಲ್ದಾಣದ ಹೆಸರಿನ ಹಳದಿ ಹಲಗೆಯನ್ನು ಕೂಡ ನೋಡುವುದಿಲ್ಲ. ಆವತ್ತು ನಲ್ಲಿಯ ಹತ್ತಿರ ಮುಖ ತೊಳೆದುಕೊಳ್ಳುತ್ತ ನನಗೆ ನನ್ನ ಮೇಲೇ ಅಸಹ್ಯ ಬಂತು. ಎಷ್ಟು ವರ್ಷ ಅಂತ ಹೀಗೆ ಮುಖ ತಿರುಗಿಸುತ್ತೀಯೇ ಎಂದು ಬೈದುಕೊಂಡು, ಸ್ಟೇಷನ್ನಿನ ಹೊರಗೆ ಬಂದು, ಶಹಾಬಾದಿನ ಟಂಟಂ ಆಟೋ ಹತ್ತಿದೆ.

ಎಮ್ಮೆಸ್ಸಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದಾಗ ನನಗೆ ಸಿಕ್ಕ ಮೊದಲ ನೌಕರಿ ಅದು. ಶಹಾಬಾದಿನ ಹೊರಗೆ, ಎಣ್ಣೆ ಗಿರಣಿಯವರೊಬ್ಬರು ತಗಡಿನ ಶೆಡ್ಡಿನಲ್ಲಿ ಒಂದು ಪ್ರಯೋಗಾಲಯ ತೆರೆದಿದ್ದರು. ಬೇಕರಿಗಳಿಗೆ ವನಸ್ಪತಿಯ ಬದಲು ಕುಸುಬೆ ಎಣ್ಣೆಯನ್ನೇ ಗಟ್ಟಿ ಮಾಡಿ ಮಾರಬೇಕು ಎಂಬುದು ಅವರ ಲೆಕ್ಕಾಚಾರ. ಅದರ ಉಸ್ತುವಾರಿಗೆ ಹೈದರಾಬಾದಿನಿಂದ ವಾರಕ್ಕೆ ಮೂರು ದಿನ ಒಬ್ಬರು ಬರುತ್ತಿದ್ದರು. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಇಲ್ಲಿಯೂ ಅಷ್ಟೇ ಸಾಕು. ನಾನು ಸೇಡಂನಿಂದ ಬೆಳಗಿನ ಗಾಡಿ ಹಿಡಿದು, ಚಿತ್ತಾಪುರ ದಾಟಿ, ವಾಡಿಯಲ್ಲಿ ಇಳಿದು, ಟಂಟಂನಲ್ಲಿ ಧೂಳು ಕುಡಿಯುತ್ತ ಬಂದು ಸೇರುತ್ತಿದ್ದೆ.

ಕೆಲಸ ಹೇಳಲು ಸುಲಭ. ಐನಾಪುರದ ಕಡೆಯಿಂದ ಬಂದ ಕುಸುಬೆಯ ಎಣ್ಣೆಯನ್ನು ಕಾಯಿಸಬೇಕು. ಅಕ್ಕಿ ತೌಡಿನಿಂದ ತೆಗೆದ ಮೇಣವನ್ನು ಅದರಲ್ಲಿ ಸ್ವಲ್ಪ ಹಾಕಿ ಕರಗಿಸಬೇಕು. ಅಗಲ ತಟ್ಟೆಗಳಿಗೆ ಸುರಿದು ಆರಲು ಬಿಡಬೇಕು. ಆರಿದಾಗ ಎಣ್ಣೆ ತುಪ್ಪದ ಹಾಗೆ ಗಟ್ಟಿಯಾಗುತ್ತದೆ, ಅದನ್ನೇ ನಾವು ಜೆಲ್ ಎನ್ನುತ್ತಿದ್ದೆವು. ಎಣ್ಣೆ ಎಣ್ಣೆಯಾಗಿಯೇ ಇರುತ್ತದೆ, ಮೇಣ ಮಾತ್ರ ಬರಿಗಣ್ಣಿಗೆ ಕಾಣದ ಸೂಜಿಗಳಾಗಿ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತದೆ, ಆ ಬಲೆಯಲ್ಲಿ ಎಣ್ಣೆ ಸಿಕ್ಕಿಕೊಳ್ಳುತ್ತದೆ. ಬಲೆ ಗಟ್ಟಿಯಿದ್ದರೆ ಎಣ್ಣೆ ನಿಲ್ಲುತ್ತದೆ, ಸಡಿಲಾದರೆ ಒಸರುತ್ತದೆ. ಆ ಬಲೆ ಹೇಗಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ಫೋಟೋ ತೆಗೆದು, ಬರೆದಿಡುವುದು ನನ್ನ ಕೆಲಸ.

ಆದರೆ ಎಣ್ಣೆಯ ಸಹವಾಸ ಎಂಥದ್ದು ಎಂದು ಯಾರೂ ಮೊದಲೇ ಹೇಳಿರಲಿಲ್ಲ. ಕುಸುಬೆ ಎಣ್ಣೆ ತಾಜಾ ಇದ್ದಾಗ ಚಲೋ. ಬಿಸಿಲಿಗೆ ನಾಲ್ಕು ದಿನ ತೆರೆದಿಟ್ಟರೆ ಅದರಷ್ಟು ಹೊಲಸು ನಾರುವ ವಸ್ತು ಇನ್ನೊಂದಿಲ್ಲ. ಚೆಲ್ಲಿದ್ದು ನೆಲದಲ್ಲಿ ಅಂಟಾಗಿ ಕೂತು ಚಪ್ಪಲಿಯನ್ನು ಹಿಡಿದೆಳೆಯುತ್ತಿತ್ತು. ಆ ಅಂಟಿನ ಮೇಲೆ ನೊಣ. ನೊಣದ ಮೇಲೆ ಧೂಳು. ಬೆರಳ ಸಂದಿಯಲ್ಲಿ, ಜಡೆಯಲ್ಲಿ, ಫೋನಿನ ಗಾಜಿನ ಮೇಲೆ, ಮಧ್ಯಾಹ್ನದ ರೊಟ್ಟಿಯಲ್ಲಿ ಎಲ್ಲ ಕಡೆ ಅದೇ ವಾಸನೆ. ಸಂಜೆ ಮನೆಗೆ ಹೋದರೆ ಅವ್ವ ಬಾಗಿಲಲ್ಲೇ ತಡೆದು, ಮೊದಲು ಜಳಕ ಮಾಡು, ಆಮೇಲೆ ಒಳಗೆ ಬಾ ಎನ್ನುತ್ತಿದ್ದಳು. ಶೀಗೇಕಾಯಿ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಥೂ, ಬರೆಯುವಾಗಲೂ ಬೆರಳು ಮೂಸಿ ನೋಡಬೇಕು ಅನಿಸುತ್ತಿದೆ.

ಇಷ್ಟೆಲ್ಲ ಹೇಸಿಗೆಯ ನಡುವೆ ಒಂದೇ ಒಂದು ಚಂದ ಇತ್ತು, ಅದು ಸೂಕ್ಷ್ಮದರ್ಶಕದ ಒಳಗೆ. ಬೆಳಕನ್ನು ಸೋಸುವ ಎರಡು ಗಾಜು ಅದರಲ್ಲಿದ್ದವು. ಒಂದನ್ನು ತಿರುಗಿಸುತ್ತ ಬಂದರೆ ನೋಟವೆಲ್ಲ ಕಪ್ಪಾಗುತ್ತದೆ, ಎಣ್ಣೆ ಕತ್ತಲಾಗಿ ಮಾಯವಾಗುತ್ತದೆ. ಮೇಣದ ಹರಳು ಮಾತ್ರ ಆ ಕತ್ತಲಲ್ಲಿ ಬೆಳ್ಳಗೆ ಹೊಳೆಯುತ್ತದೆ. ಮೊದಲ ಸಲ ನೋಡಿದಾಗ ನಾನು ಕಣ್ಣು ತೆಗೆಯಲೇ ಇಲ್ಲ. ನೋಟದಲ್ಲಿ ಹೊಳೆಯುವ ಭಾಗ ಎಷ್ಟು ಎಂದು ಕಂಪ್ಯೂಟರ್ ಅಳೆದು ಹೇಳುತ್ತಿತ್ತು. ಹೊಳಪು ಹೆಚ್ಚಿದ್ದರೆ ಹರಳು ಹೆಚ್ಚು, ಹರಳು ಹೆಚ್ಚಿದ್ದರೆ ಬಲೆ ಗಟ್ಟಿ ಎಂದು ಸರ್ ಕಲಿಸಿದ್ದರು. ನಾನು ಕಲಿತೆ. ಒಂದು ಫೋಟೋವನ್ನು ಅವ್ವನಿಗೂ ತೋರಿಸಿದೆ. ನಮ್ಮದು ಕಾಗಿಣಾ ದಂಡೆಯ ಮನೆತನ, ಅಜ್ಜ ಬಲೆ ಬೀಸಿದವನು, ಅವ್ವ ಬಲೆ ಹೆಣೆದವಳು. ಆಕೆ ಫೋನನ್ನು ದೂರ ಹಿಡಿದು ನೋಡಿ, "ಬಲಿ ಇಷ್ಟು ಹೊಳೀತದ ಅಂದ್ರ ಅದರಾಗ ಮೀನು ಬರ್ತಾವೇನವಾ" ಎಂದಳು. ಓದದವಳಿಗೆ ಏನು ತಿಳಿಯುತ್ತದೆ ಎಂದು ನಾನು ನಕ್ಕೆ.

ನಮ್ಮ ಶೆಡ್ಡಿನ ಗೋಡೆಗೆ ಹತ್ತಿಕೊಂಡೇ ಕಲ್ಲಿನ ಪಾಲಿಶ್ ಮಾಡುವ ಜಾಗವಿತ್ತು. ಬೆಳಗಿನಿಂದ ಸಂಜೆಯ ತನಕ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಸದ್ದು. ಆ ಪುಡಿ ಗಾಳಿಯಲ್ಲಿ ತೇಲಿ ಬಂದು ಕಿಟಕಿ, ಕುರ್ಚಿ, ರೆಪ್ಪೆಗಳ ಮೇಲೆ ಕೂಡುತ್ತಿತ್ತು. ಶಹಾಬಾದಿನ ಜನಕ್ಕೆ ಅದು ಹೊಸದಲ್ಲ. ಅಲ್ಲಿ ಆರಲಿಟ್ಟದ್ದು ಏನೇ ಇರಲಿ, ಹಾಲಾಗಲಿ, ಅನ್ನವಾಗಲಿ, ಅದರ ಮೇಲೆ ಒದ್ದೆ ಅರಿವೆ ಹೊದಿಸದೆ ಯಾರೂ ಎದ್ದು ಹೋಗುವುದಿಲ್ಲ. ಒಣ ಅರಿವೆಯಿಂದ ಪುಡಿ ಒಳಗೆ ಇಳಿಯುತ್ತದೆ, ಒದ್ದೆಯದು ಹಿಡಿದುಕೊಳ್ಳುತ್ತದೆ. ಸಿಮೆಂಟಿನ ಧೂಳಿರುವ ಸೇಡಂನಲ್ಲಿ ನಮ್ಮ ಅವ್ವನೂ ಮಾಡುವುದು ಅದನ್ನೇ.

ಪ್ರಯೋಗಾಲಯ ಗುಡಿಸಿ ಒರೆಸಲು ಶರಣಮ್ಮ ಎಂಬ ವಯಸ್ಸಾದ ಹೆಂಗಸು ಬರುತ್ತಿದ್ದಳು. ಒಂದು ದಿನ ನಾನು ಊಟ ಮುಗಿಸಿ ಬಂದು ನೋಡಿದರೆ, ಆರಲಿಟ್ಟ ಎಣ್ಣೆಯ ತಟ್ಟೆಗಳ ಮೇಲೆ ಆಕೆ ಅಡ್ಡ ಕೋಲಿಟ್ಟು ಒದ್ದೆ ಅರಿವೆ ಹೊದಿಸಿದ್ದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಒಂದು ಹನಿ ನೀರು ಬಿದ್ದರೆ ಜೆಲ್ ಕೆಡುತ್ತದೆ, ನಿನಗೆ ಯಾರು ಹೇಳಿದರು ಮುಟ್ಟು ಎಂದು, ಇದು ನಿಮ್ಮ ಮನೆಯ ಅಡುಗೆಮನೆ ಅಂದುಕೊಂಡೆಯಾ ಎಂದು ಸರ್ ಎದುರಿಗೇ ಗದರಿಸಿದೆ. ಆಕೆ ಅರಿವೆ ತೆಗೆದು ಹಿಂಡಿ ಹೆಗಲ ಮೇಲೆ ಹಾಕಿಕೊಂಡು, "ಆತು ಬಿಡ್ರಿ ಅಕ್ಕೋರೆ, ತಿನ್ನೋರು ತಿಂತಾರ" ಎಂದಳು. ಸರ್ ನನ್ನ ಶಿಸ್ತನ್ನು ಹೊಗಳಿದರು. ನನಗೆ ಕಾಣದಂತೆ ಆಕೆ ಎಷ್ಟು ದಿನದಿಂದ ಹೊದಿಸುತ್ತಿದ್ದಳೋ, ಅಂದಿನಿಂದ ತಟ್ಟೆಗಳು ತೆರೆದೇ ಆರಿದವು. ಫೋಟೋಗಳಲ್ಲಿ ಹೊಳಪು ಇನ್ನೂ ಹೆಚ್ಚಾಯಿತು, ನಾವಿಬ್ಬರೂ ಹಿಗ್ಗಿದೆವು.

ಇನ್ನು ಮೆಹಬೂಬ್ ಚಾಚಾ. ಶಹಾಬಾದಿನಲ್ಲಿ ಮೂರು ತಲೆಮಾರಿನ ಬೇಕರಿ ಅವರದು. ಖಾರಿ ಎಂದರೆ ಅವರ ಖಾರಿ. ಶಹಾಬಾದಿನಲ್ಲಿ ಯಾರ ಮನೆಗೆ ಹೋದರೂ ಚಹದ ಜೊತೆ ಅದೇ ಬರುತ್ತಿತ್ತು. ಪದರ ಪದರವಾಗಿ ಬಿಚ್ಚುವ ಆ ಉಪ್ಪು ಬಿಸ್ಕೀಟಿಗೆ ಜೀವ ಅಂದರೆ ಅದರೊಳಗಿನ ಜಿಡ್ಡು. ಪ್ರತಿ ಭಟ್ಟಿ ಇಳಿದ ಕೂಡಲೇ ಚಾಚಾ ಒಂದು ಖಾರಿ ಎತ್ತಿ, ಮುಂದಿನ ಎರಡು ಹಲ್ಲಿನಲ್ಲಿ ಮೆಲ್ಲಗೆ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಉಪ್ಪು ಎಷ್ಟು, ಜಿಡ್ಡು ಎಷ್ಟು, ಭಟ್ಟಿ ಎಷ್ಟು ಕಾದಿತ್ತು ಎಂದು ಆ ಒಂದು ಕಡಿತದಲ್ಲಿ ಹೇಳಿಬಿಡುತ್ತಿದ್ದರು. ನಾಲಿಗೆ ಆಸೆಬುರುಕ, ಹಲ್ಲು ಸುಳ್ಳು ಹೇಳುವುದಿಲ್ಲ ಎನ್ನುವುದು ಅವರ ಮಾತು. ಅವರು ಹ್ಞೂಂ ಅನ್ನದೆ ಒಂದು ತಟ್ಟೆಯೂ ಅಂಗಡಿಯ ಕಪಾಟಿಗೆ ಹೋಗುತ್ತಿರಲಿಲ್ಲ.

ಸರ್ ಅವರನ್ನು ಹೇಗೋ ಒಪ್ಪಿಸಿ ನಮ್ಮ ಗಟ್ಟಿ ಎಣ್ಣೆಯಲ್ಲಿ ಒಂದು ಭಟ್ಟಿ ಖಾರಿ ಮಾಡಿಸಿದರು. ಚಾಚಾ ಅದನ್ನು ಕಾಗದದಲ್ಲಿ ಸುತ್ತಿಕೊಂಡು ನಮ್ಮ ಶೆಡ್ಡಿಗೇ ಬಂದರು. ಸರ್ ಇರಲಿಲ್ಲ, ನಾನೊಬ್ಬಳೇ ಇದ್ದೆ. ಅವರು ಸ್ವಲ್ಪ ಸಂಕೋಚದಿಂದಲೇ, "ಎಲ್ಲಾ ಬರೋಬ್ಬರಿ ಅದ ಬೇಟಿ. ಆದ್ರ ಹಲ್ಲಿಗಿ ಏನೋ ಹತ್ತಾಕತ್ತದ. ಕರಕರ ಅಂತದ" ಎಂದರು.

ನಾನು ಒಂದು ಕ್ಷಣವಾದರೂ ಯೋಚಿಸಿದೆನೇ? ಇಲ್ಲ. ಅದು ಮೇಣದ ಹರಳು ಚಾಚಾ, ಬರ್ರಿ ತೋರಿಸ್ತೀನಿ ಎಂದು ಕುರ್ಚಿ ಎಳೆದು ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದೆ. ಅವರು ಅದನ್ನು ದುರ್ಬೀನು ಎನ್ನುತ್ತಿದ್ದರು. ಟೋಪಿ ಹಿಂದಕ್ಕೆ ಸರಿಸಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. ಕತ್ತಲೆಯಲ್ಲಿ ಬೆಳ್ಳಗೆ ಹೊಳೆಯುವ ಬಲೆ, ಬಲೆಯ ತುಂಬ ಇನ್ನೂ ಹೆಚ್ಚು ಹೊಳೆಯುವ ಚುಕ್ಕೆಗಳು. ಈ ಚುಕ್ಕೆಗಳೇ ನಿಮ್ಮ ಹಲ್ಲಿಗೆ ಹತ್ತೋದು, ಇವು ಬಾಯಲ್ಲಿ ಕರಗುತ್ತವೆ, ಏನೂ ತೊಂದರೆಯಿಲ್ಲ ಎಂದು ನಾನು ಪಾಠ ಮಾಡಿದೆ. ಅವರು ಎದ್ದು, ನಾಲಿಗೆಯಿಂದ ಮುಂದಿನ ಹಲ್ಲನ್ನು ಸವರಿಕೊಂಡು ನಕ್ಕರು. "ಹಂಗಾರ ನಂದೇ ಹಲ್ಲು ಹಳೇವು ಆಗ್ಯಾವ ಬೇಟಿ. ನಿನ್ನ ದುರ್ಬೀನು ಹೊಸಾದು." ಆ ನೋಟದ ಫೋಟೋ ಒಂದನ್ನು ಮುದ್ರಿಸಿ ಕೊಡಲು ಕೇಳಿದರು. ಕೊಟ್ಟೆ. ಮರುವಾರ ಅದು ಕಟ್ಟು ಹಾಕಿಸಿಕೊಂಡು ಅವರ ಗಲ್ಲೆಯ ಮೇಲಿನ ಗೋಡೆಯಲ್ಲಿತ್ತು. ಬಂದವರಿಗೆಲ್ಲ ಇದು ನಮ್ಮ ಖಾರಿಯ ಒಳಗಿನ ಚಿತ್ರ, ಸೇಡಂನ ಹುಡುಗಿ ತೆಗೆದದ್ದು ಎಂದು ತೋರಿಸುತ್ತಿದ್ದರಂತೆ. ಈದಿಗೆ ಎಲ್ಲ ಖಾರಿಯನ್ನೂ ಇದರಲ್ಲೇ ಮಾಡುತ್ತೇನೆ ಎಂದು ಸರ್‌ಗೆ ಮಾತು ಕೊಟ್ಟರು.

ಆ ವರ್ಷ ರಂಜಾನ್ ಕಡು ಬೇಸಿಗೆಯಲ್ಲೇ ಬಂದಿತ್ತು. ಶೆಡ್ಡಿನ ತಗಡು ಕೈ ಇಟ್ಟರೆ ಸುಡುತ್ತಿತ್ತು. ಈದ್ ಹಬ್ಬದ ಖಾರಿಗೆಂದು ಗಟ್ಟಿ ಎಣ್ಣೆಯ ಡಬ್ಬಿಗಳು ತುಂಬಿ ಬಾಗಿಲಲ್ಲಿ ಸಾಲಾಗಿ ನಿಂತಿದ್ದವು, ಇನ್ನೆರಡು ದಿನದಲ್ಲಿ ಚಾಚಾ ಬಂದು ಒಯ್ಯುವವರಿದ್ದರು. ನನಗೆ ಅವತ್ತು ಕೆಲಸ ಕಡಿಮೆ. ಹರಳು ಹುಟ್ಟುವುದನ್ನು ಮೊದಲಿನಿಂದ ನೋಡಬೇಕು ಎಂಬ ಆಸೆ ಎಂದಿನಿಂದಲೋ ಇತ್ತು. ಒಂದು ಗಾಜಿನ ಮೇಲೆ ಜೆಲ್ ಹಚ್ಚಿ, ಒಲೆಯ ಬಿಸಿಯಲ್ಲಿ ಪೂರ್ತಿ ಕರಗಿಸಿ, ಓಡಿ ಬಂದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮೇಣ ಕರಗಿದರೆ ಹೊಳಪೂ ಹೋಗುತ್ತದೆ. ನೋಟ ಪೂರ್ತಿ ಕಪ್ಪಾಗಿರಬೇಕಿತ್ತು.

ಕಪ್ಪಾಗಿರಲಿಲ್ಲ. ಸೂಜಿಗಳೆಲ್ಲ ಹೋಗಿದ್ದವು, ಚುಕ್ಕೆಗಳು ಹಾಗೇ ಹೊಳೆಯುತ್ತಿದ್ದವು. ಸರಿಯಾಗಿ ಕರಗಿಲ್ಲವೇನೋ ಎಂದು ಮತ್ತೆ ಕಾಯಿಸಿದೆ. ಎಣ್ಣೆ ಹೊಗೆಯಾಡುವ ತನಕ ಕಾಯಿಸಿದೆ. ಚುಕ್ಕೆ ಒಂದೂ ಕರಗಲಿಲ್ಲ. ಕಿಟಕಿಯ ಅಂಚನ್ನು ಬೆರಳಿನಿಂದ ಸವರಿ, ಆ ಬಿಳಿ ಪುಡಿಯನ್ನು ಬೇರೆ ಗಾಜಿನ ಮೇಲೆ ಒರೆಸಿ ನೋಡಿದೆ. ಅದೇ ಚುಕ್ಕೆ, ಅದೇ ಹೊಳಪು. ಶಹಾಬಾದಿನ ಕಲ್ಲು ಆ ಗಾಜುಗಳ ನಡುವೆ ಮೇಣಕ್ಕಿಂತ ಚಂದ ಹೊಳೆಯುತ್ತದೆ ಎಂದು ನನಗೆ ಅಂದು ತಿಳಿಯಿತು. ನಾನು ತಿಂಗಳುಗಟ್ಟಲೆ ಅಳೆದು, ಬರೆದು, ಹಿಗ್ಗಿದ್ದು ಕಲ್ಲಿನ ಪುಡಿಯನ್ನು. ಚಾಚಾನ ಹಲ್ಲಿಗೆ ಹತ್ತಿದ್ದು ಕಲ್ಲು. ಒದ್ದೆ ಅರಿವೆ ಕಿತ್ತು ಹಾಕಿಸಿದವಳು ನಾನು.

ಅಲ್ಲಿಗೆ ನಿಲ್ಲಲಿಲ್ಲ. ಕಲ್ಲನ್ನು ಬಿಟ್ಟು ಬರೀ ಸೂಜಿಗಳನ್ನು ನೋಡಿದರೆ ಬಲೆ ತೆಳ್ಳಗಿತ್ತು, ಅಲ್ಲಲ್ಲಿ ಹರಿದು ಗಂಟುಗಟ್ಟಿತ್ತು. ಆ ಬಿಸಿಲಿಗೆ ಅದು ಎಣ್ಣೆಯನ್ನು ಹಿಡಿದು ನಿಲ್ಲಿಸುವ ಹಾಗಿರಲಿಲ್ಲ.

ಸರ್ ಬಂದ ಕೂಡಲೇ ತೋರಿಸಿದೆ. ಅವರು ಒಂದು ನಿಮಿಷ ನೋಡಿದರು. ನನ್ನ ಮುಖ ನೋಡಲಿಲ್ಲ. ಹೈದರಾಬಾದಿನಲ್ಲಿ ವಿಜ್ಞಾನಿಗಳ ಸಭೆ ಮುಂದಿನ ವಾರವೇ ಇದೆಯಲ್ಲ, ನೀನೇ ಮಾತಾಡಬೇಕಲ್ಲ, ಚುಕ್ಕೆ ಕಡಿಮೆ ಇರುವ ನಾಲ್ಕು ಫೋಟೋ ಆರಿಸಿಟ್ಟುಕೋ, ಉಳಿದದ್ದನ್ನು ತೆಗೆದುಹಾಕು ಎಂದರು. ಡಬ್ಬಿಗಳ ವಿಷಯ ಕೇಳಿದೆ. ಈ ಊರಿನವರು ಹುಟ್ಟಿದಾಗಿನಿಂದ ಕಲ್ಲಿನ ಪುಡಿ ತಿಂದೇ ಬದುಕಿದ್ದಾರೆ, ಮುಂದಿನ ಸಲ ಸರಿ ಮಾಡೋಣ ಎಂದು ನಕ್ಕರು. ಆ ನಗು ನೆನೆದರೆ ಈಗಲೂ ಮೈಮೇಲೆ ಜಿರಳೆ ಹರಿದ ಹಾಗಾಗುತ್ತದೆ.

ಅವರ ಮೇಲೆ ಎಷ್ಟು ಬೇಕಾದರೂ ಉಗುಳಬಹುದು. ಉಗುಳಿದ್ದೇನೆ ಕೂಡ, ವರ್ಷಗಟ್ಟಲೆ. ಆದರೆ ಫೋಟೋ ಆರಿಸಿದ್ದು ಯಾರು? ನಾನೇ. ಕುರ್ಚಿಯ ಮೇಲೆ ನೆಟ್ಟಗೆ ಕೂತು, ಒಂದೊಂದನ್ನೇ ನೋಡಿ, ನಾಲ್ಕು ಇಟ್ಟುಕೊಂಡು ಉಳಿದದ್ದನ್ನು ಅಳಿಸಿದೆ. ಹೈದರಾಬಾದಿನಲ್ಲಿ ಮಾತಾಡುತ್ತೇನೆ ಎಂದು ಸೇಡಂನ ನಮ್ಮ ಓಣಿಗೆಲ್ಲ ಡಂಗುರ ಸಾರಿಬಿಟ್ಟಿದ್ದೆ. ಹೊಸ ಚೂಡಿದಾರ ಹೊಲಿಯಲು ಹಾಕಿದ್ದೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವೇನಾದರೂ ಇದ್ದಿದ್ದರೆ ನನಗೆ ನನ್ನ ಮೇಲೆ ಇಷ್ಟು ಹೇಸಿಗೆ ಬರುತ್ತಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಚಾಚಾ ತಳ್ಳುಗಾಡಿ ತಂದರು. ತುಟಿ ಒಣಗಿ ಬಿರಿದಿದ್ದವು. ನೆರಳಿಗೆ ಬರ್ರಿ ಎಂದೆ. ಬಂದು ನಿಂತು, ಒಂದು ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದರು. ಬೇರೆ ದಿನವಾಗಿದ್ದರೆ ಬೆರಳಿನಲ್ಲಿ ತೆಗೆದು ಹಲ್ಲಿನ ನಡುವೆ ಇಟ್ಟು ನೋಡುತ್ತಿದ್ದರು. ಮುಚ್ಚಳ ಹಾಕಿ ನನ್ನ ಕಡೆ ತಿರುಗಿದರು.

"ನಂಗ ರೋಜಾ ಅದ ಬೇಟಿ, ಬಾಯಾಗ ಇಡಾಕ ಬರಂಗಿಲ್ಲ. ಈ ತಿಂಗಳು ನಂದು ಹಲ್ಲಿಗಿ ರಜಾ. ನೀ ನೋಡೀದಿ ಅಲಾ? ನೀ ಹ್ಞೂಂ ಅಂದ್ರ ಸಾಕು."

ಶರಣಮ್ಮ ಮೂಲೆಯಲ್ಲಿ ಕಸಬರಿಗೆ ಹಿಡಿದು ನಿಂತಿದ್ದಳು. ಪಾಲಿಶ್ ಯಂತ್ರ ಆ ಹೊತ್ತಿಗೆ ನಿಂತಿತ್ತು. ನಾನು ಹ್ಞೂಂ ಎಂದೆ. ಅಷ್ಟೇ ಅಲ್ಲ, ಡಬ್ಬಿಗಳನ್ನು ಗಾಡಿಗೆ ಏರಿಸಲು ಕೈಯನ್ನೂ ಹಚ್ಚಿದೆ.

ನಾನು ಹೈದರಾಬಾದಿಗೆ ಹೋದೆ. ತಂಪು ಕೋಣೆಯಲ್ಲಿ, ಹೊಸ ಚೂಡಿದಾರ ಹಾಕಿಕೊಂಡು, ನಾಲ್ಕು ಫೋಟೋ ತೋರಿಸಿ ಮಾತಾಡಿದೆ. ಚಪ್ಪಾಳೆ ಬಿತ್ತು. ಊಟಕ್ಕೆ ಬಗೆಬಗೆಯ ತಿಂಡಿ ಇಟ್ಟಿದ್ದರು, ಎಲ್ಲದರಲ್ಲೂ ಕುಸುಬೆ ಎಣ್ಣೆ ನಾರಿದ ಹಾಗಾಯಿತು.

ಈದ್ ಮುಗಿದ ಮೇಲೆ ಶೆಡ್ಡಿಗೆ ಬಂದಾಗ ಸುದ್ದಿ ಹೇಳಿದ್ದು ಶರಣಮ್ಮ. ಖಾರಿಯಿಂದ ಎಣ್ಣೆ ಒಸರಿ ಕಾಗದದ ಪೆಟ್ಟಿಗೆಗಳು ತೋಯ್ದು ಪಾರದರ್ಶಕವಾಗಿದ್ದವಂತೆ. ನಾಲ್ಕು ದಿನದ ಬಿಸಿಲಿಗೆ ಒಳಗೆಲ್ಲ ಕಮಟು ಹತ್ತಿತ್ತಂತೆ. ಈದ್ ಹಬ್ಬದ ದಿನ ನೆಂಟರ ಮುಂದೆ ಇಟ್ಟವರು ನಾಚಿಕೊಂಡು ವಾಪಸು ತಂದರಂತೆ. ಕೆಲವರು ಖಾರಿಯಲ್ಲಿ ಕಲ್ಲು ಬಂತೆಂದು ಅಂಗಡಿಯ ಮುಂದೆಯೇ ಉಗುಳಿದರಂತೆ. ಚಾಚಾ ಎದುರಾಡದೆ ಎಲ್ಲ ಪೆಟ್ಟಿಗೆಗಳನ್ನೂ ವಾಪಸು ತೆಗೆದುಕೊಂಡು, ಚೀಲಕ್ಕೆ ತುಂಬಿ ತಗ್ಗಿಗೆ ಸುರಿದು ಬಂದರಂತೆ. "ನಾಯಿ ಬಂದು ಮೂಸಿ ನೋಡಿ ಹೋದ್ವು ಅಕ್ಕೋರೆ. ನಾಯಿ ಕೂಡ ತಿನಲಿಲ್ಲ" ಎಂದಳು ಶರಣಮ್ಮ. ಹೇಳುವಾಗ ನನ್ನನ್ನೇ ನೋಡುತ್ತಿದ್ದಳು. ಬೈದಿದ್ದರೆ ಚಲೋ ಆಗುತ್ತಿತ್ತು. ಬೈಯದೆ, ತನ್ನ ಹಳೆಯ ಅರಿವೆಯನ್ನು ನೀರಲ್ಲಿ ಅದ್ದಿ ನೆಲ ಒರೆಸತೊಡಗಿದಳು.

ಮುಂಗಾರಿನ ಮಿರಗದ ಮಳೆ ಬೀಳುವ ಹೊತ್ತಿಗೆ ನಾನು ನೌಕರಿ ಬಿಟ್ಟೆ. ಎಣ್ಣೆಯ ವಾಸನೆ ಆಗಿಬರುವುದಿಲ್ಲ ಎಂದು ಎಲ್ಲರಿಗೂ ಹೇಳಿದೆ. ಬಿಟ್ಟದ್ದೇ ದೊಡ್ಡ ಪ್ರಾಮಾಣಿಕತೆ ಎಂದು ಬಹಳ ದಿನ ಒಳಗೊಳಗೇ ಬೀಗಿಕೊಂಡೂ ಇದ್ದೆ. ಚಾಚಾನ ಅಂಗಡಿಯ ಕಡೆಗೆ ಹೋಗಲೇ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರಲ್ಲ, ಹೋದದ್ದು ನನ್ನ ಮಾನವಾಗಿರಲಿಲ್ಲ, ಅವರದು. ಈಗ ಕಾಲೇಜಿನಲ್ಲಿ ಮಕ್ಕಳಿಗೆ ಹೇಳುತ್ತೇನೆ, ಹೊಳೆದದ್ದೆಲ್ಲ ಹರಳಲ್ಲ, ಮೊದಲು ಕರಗಿಸಿ ನೋಡಿರಿ ಎಂದು. ಯಾರೋ ಮಾಡಿದ ತಪ್ಪು ಎಂಬ ಹಾಗೆ ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಛೀ.

ಟಂಟಂ ಶಹಾಬಾದಿನ ಬಜಾರಿನಲ್ಲಿ ಇಳಿಸಿತು. ಬೇಕರಿ ಅಲ್ಲೇ ಇತ್ತು, ಬಣ್ಣ ಬದಲಾಗಿತ್ತು. ಗಲ್ಲೆಯ ಹಿಂದೆ ಚಾಚಾ ಕೂತಿದ್ದರು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕೂಡಲೇ ಗುರುತಿಸಿ, ಅರೆ ಬೇಟಿ, ಬಾ, ಕುಂದ್ರು ಎಂದು ಸ್ಟೂಲು ಸರಿಸಿದರು. ಅವರ ತಲೆಯ ಮೇಲೆ ಗೋಡೆಯಲ್ಲಿ ಆ ಫೋಟೋ ಇನ್ನೂ ಇತ್ತು. ಇನ್ನೂ! ನನಗೆ ಕೂಡಲು ಆಗಲಿಲ್ಲ.

ಒಳಗೆ ಭಟ್ಟಿಯಿಂದ ತಟ್ಟೆ ಇಳಿಯಿತು. ನಾನು ಕಾದೆ, ಚಾಚಾ ಏಳಲಿಲ್ಲ. ಅವರ ಸೊಸೆ ಒಂದು ಖಾರಿ ಮುರಿದು ಬಾಯಿಗೆ ಹಾಕಿಕೊಂಡು, ಆಯ್ತು ಎನ್ನುವಂತೆ ತಲೆ ಹಾಕಿದಳು, ತಟ್ಟೆ ಕಪಾಟಿಗೆ ಹೋಯಿತು. ನೀವು ನೋಡುವುದಿಲ್ಲವೇ ಎಂದು ಕೇಳಿದೆ. ಅವರು ನಕ್ಕು ಕೈ ಆಡಿಸಿದರು.

"ನಂದು ಹಲ್ಲು ಆ ಈದಿನಾಗೇ ಹೋದ್ವು ಬೇಟಿ. ಬಾಯಾಗೇ ಅವ, ಆದ್ರ ಸುಳ್ಳ ಹೇಳಾಕ ಹತ್ತಿದ್ವು. ಕಲ್ಲು ಅದ ಅಂದ್ವು, ನೀ ದುರ್ಬೀನಾಗ ನೋಡಿ ಇಲ್ಲ ಅಂದಿ. ಕಲಬುರಗ್ಯಾಗ ಡಾಕ್ಟರ್‌ಗೂ ತೋರಿಸ್ದೆ. ಎಲ್ಲಾ ಚಲೋ ಅವ ಅಂದ. ಅವನಿಗೇನು ಗೊತ್ತು ಖಾರಿ?" ಗಿರಾಕಿಗಳು ಕಲ್ಲೆಂದು ಉಗುಳಿದರಲ್ಲ ಎಂದೆ. ಮಂದಿ ಸಿಟ್ಟಿನಾಗ ಏನರ ಅಂತಾರ, ಎಣ್ಣೆ ಕೆಟ್ಟದ್ದು ಬಿಸಿಲಿನದು, ಅದಕ್ಕೆ ನೀನೇನು ಮಾಡುತ್ತಿ ಎಂದು ನನ್ನನ್ನೇ ಸಮಾಧಾನ ಮಾಡಿದರು.

ಆ ಈದ್ ಹಬ್ಬದಿಂದ ಇಲ್ಲಿಯ ತನಕ ಈ ಮನುಷ್ಯ ತಮ್ಮ ಭಟ್ಟಿಯ ಮುಂದೆ ಬಾಯಿ ಮುಚ್ಚಿ ಕೂತಿದ್ದರು. ನನ್ನ ಮಾತನ್ನು ನಂಬಿ, ತಮ್ಮ ಹಲ್ಲನ್ನು ನಂಬದೆ. ಖಾರಿ ಹೋದದ್ದು, ಹೆಸರು ಹೋದದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ನಾನು ಕೈ ಎತ್ತಿ ಆ ಫೋಟೋವನ್ನು ಗೋಡೆಯಿಂದ ಇಳಿಸಿದೆ. ಗಾಜಿನ ಮೇಲಿನ ಧೂಳನ್ನು ಓಢಣಿಯಿಂದ ಒರೆಸಿ ಗಲ್ಲೆಯ ಮೇಲೆ ಅವರ ಮುಂದಿಟ್ಟೆ. ಬೆರಳಿಟ್ಟು ತೋರಿಸಿದೆ.

"ಈ ಸೂಜಿ ಮೇಣ ಚಾಚಾ. ಈ ಚುಕ್ಕಿ ಎಲ್ಲಾ ಕಲ್ಲು. ಶಹಾಬಾದಿನ ಕಲ್ಲೇ. ನಿಮ್ಮ ಹಲ್ಲು ಖರೇನೇ ಹೇಳಿತ್ತು. ಸುಳ್ಳ ಹೇಳ್ದಾಕಿ ನಾ."

ಅವರು ಫೋಟೋ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಯಾವತ್ತು ತಿಳಿಯಿತು ಎಂದು ಬಹಳ ಮೆಲ್ಲಗೆ ಕೇಳಿದರು. ನೀವು ಡಬ್ಬಿ ಒಯ್ಯುವುದಕ್ಕೆ ಎರಡು ದಿನ ಮೊದಲು ಎಂದೆ. ಸೊಸೆ ಬಾಗಿಲಲ್ಲಿ ಬಂದು ನಿಂತಿದ್ದಳು. ಒಬ್ಬ ಗಿರಾಕಿ ಬಂದ, ಇವರ ಮುಖ ನೋಡಿ ಸುಮ್ಮನೆ ಹೊರಗೆ ನಿಂತ.

"ನಾ ರೋಜಾ ಇದ್ದೆ ಬೇಟಿ" ಎಂದರು ಚಾಚಾ.

ತಪ್ಪಾಯಿತು ಎಂದೆ. ಆ ಮಾತು ನನ್ನ ಬಾಯಲ್ಲೇ ಹಳಸಿದ ಹಾಗಿತ್ತು. ಅವರು ಚಹಾ ತರಲು ಹೇಳಲಿಲ್ಲ. ಬಂದವರಿಗೆ ಚಹಾ ಹೇಳದ ಚಾಚಾನನ್ನು ನಾನು ಅಂದೇ ನೋಡಿದ್ದು. ಗಲ್ಲೆಗೆ ಕೈಯೂರಿ ಎದ್ದು, ಕಪಾಟಿನ ಬಾಗಿಲು ಸರಿಸಿ, ಆಗಷ್ಟೇ ಇಟ್ಟಿದ್ದ ತಟ್ಟೆಯಿಂದ ಒಂದು ಖಾರಿ ತೆಗೆದರು. ಮುಂದಿನ ಎರಡು ಹಲ್ಲಿನ ನಡುವೆ ಇಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು, ಕಚ್ಚಲು ಹೆದರಿದವರ ಹಾಗೆ. ಆಮೇಲೆ ಕಚ್ಚಿ ಕಣ್ಣು ಮುಚ್ಚಿದರು.

ಕಣ್ಣು ತೆರೆದಾಗ ನನ್ನ ಕಡೆ ನೋಡಲಿಲ್ಲ. ಸೊಸೆಯ ಕಡೆ ತಿರುಗಿ, "ಉಪ್ಪು ಕಮ್ಮಿ ಆಗ್ಯಾದ" ಎಂದರು. ಆಕೆಯೂ ಒಂದು ತುಂಡು ಮತ್ತೆ ಬಾಯಿಗೆ ಹಾಕಿಕೊಂಡು, ಹೌದು ಅಬ್ಬಾ ಎಂದಳು. ಚಾಚಾ ಇಡೀ ತಟ್ಟೆಯನ್ನು ಕಪಾಟಿನಿಂದ ಎಳೆದುಕೊಂಡು, ನನ್ನನ್ನು ಅಲ್ಲೇ ಬಿಟ್ಟು, ಭಟ್ಟಿಯ ಕಡೆ ಹೋದರು.